ಕುಂಕುಮ ಇಟ್ಟ ಪ್ಲಗ್

ಹೊಳೆ ದಂಡೆಯ ಹೊಂಗೆಮರದಡಿ ಪುಟ್ಟಾಚಾರ್ರ ಗ್ಯಾರೇಜು. ದೊರೆಸ್ವಾಮಿ ಅವರ ಶಿಷ್ಯ. ಕೈ ಚುರುಕು, ಭಕ್ತಿ ಒಂದು ತೂಕ ಜಾಸ್ತಿ.

ಆಯುಧಪೂಜೆಯ ಮಾರನೇ ಬೆಳಗ್ಗೆ ರೇವಣ್ಣ ಬಂದು ಸರ್ವಿಸಿಗೆ ಬಿಟ್ಟಿದ್ದ ಕಾರು ಒಯ್ದ. ಹೆಂಡತಿ ಹೆಣ್ಣುಮಗು ಹೆತ್ತಿದ್ದಳು. ತಾಯಿ-ಮಗುವನ್ನು ಆವತ್ತೇ ಆಸ್ಪತ್ರೆಯಿಂದ ಮನೆಗೆ ಕರೆತರಬೇಕು. ಅವನ ಕಾಲು ನೆಲದ ಮೇಲಿರಲಿಲ್ಲ.

ಸ್ವಲ್ಪ ಹೊತ್ತಿಗೇ ವಾಪಸ್ ಬಂದ. ಮುಖ ಸಪ್ಪಗಿತ್ತು.

“ಆಚಾರ್ರೇ, ಸ್ಪೀಡಿನ ಮುಳ್ಳು ಸೊನ್ನೆ ಬಿಟ್ಟು ಏಳ್ತಿಲ್ಲ. ಗೇರು ತಾನಾಗೇ ಬದಲಾದಾಗೆಲ್ಲ ಗಾಡಿ ಎತ್ತಿಹಾಕ್ತದೆ. ಹಸಿ ಬಾಣಂತೀನ ಇದರಲ್ಲಿ ಹೇಗೆ ಕೂರಿಸಲಿ?”

“ವೇಗ ಹೇಳೋ ಸೆನ್ಸರ್ ಹೋಗಿದೆ, ಅಷ್ಟೇ,” ಅಂದ ದೊರೆಸ್ವಾಮಿ. ಗೇರ್‌ಬಾಕ್ಸಿನಿಂದ ಹಳೇದನ್ನು ಬಿಚ್ಚಿ ಹೊಸದು ಹಾಕಿದ.

ಓಡಿಸಿ ನೋಡಿದರೆ ಮುಳ್ಳು ಮತ್ತೆ ಸೊನ್ನೆಯಲ್ಲೇ.

“ಛೆ! ಹೊಸದೂ ಕೆಟ್ಟದ್ದೇ ಬಂದಿದೆ, ಗುರುಗಳೇ.”

ಪುಟ್ಟಾಚಾರ್ರು ಎಲೆಅಡಿಕೆ ಉಗಿದು ಬಂದರು.

“ಹಳೇದೂ ಮೂಕ, ಹೊಸದೂ ಮೂಕ. ಮಾತಾಡಿಸಿ ನೋಡಿದ್ಯೇನೋ?”

“ಇಲ್ಲ.”

“ಹಳೇದನ್ನೇ ಹಾಕು. ವೈರಿನ ಪ್ಲಗ್ ಸಿಕ್ಕಿಸಬೇಡ. ಸೆನ್ಸರಿಗೇ ಕರೆಂಟ್ ಅಳೆಯೋ ಮೀಟರ್ ಹಿಡಿ.”

ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದರು. ಆಚಾರ್ರು ಗೇರು ನ್ಯೂಟ್ರಲ್‌ಗೆ ಹಾಕಿ, ತಾವೇ ಕೂತು ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿದರು. ಮೀಟರಿನಲ್ಲಿ ಅಂಕಿ ಕುಣಿಯಿತು.

“ಅಯ್ಯೋ, ಮಾತಾಡ್ತಿದೆ ಗುರುಗಳೇ!”

“ಹೇಳೋನು ಹೇಳ್ತಿದ್ದಾನೆ. ಮುಳ್ಳಿಗೆ ಕೇಳಿಸ್ತಿಲ್ಲ. ನಡುವೆ ಯಾರಿದ್ದಾರೆ?”

“ವೈರು.”

“ವೈರಿನ ತುದೀಲಿ?”

ದೊರೆಸ್ವಾಮಿ ಪ್ಲಗ್ಗನ್ನು ಬೆಳಕಿಗೆ ಹಿಡಿದ. ಒಳಗೆಲ್ಲ ಕೆಂಪು. ಒಣಗಿ ಗಟ್ಟಿಯಾದ ಕುಂಕುಮ. ಅವನ ಕಿವಿಯೂ ಅಷ್ಟೇ ಕೆಂಪಾಯಿತು.

“ಯಾರಪ್ಪಾ ಇಟ್ಟ ಪುಣ್ಯಾತ್ಮ?” ಆಚಾರ್ರು ಕೇಳಿದರು.

“ನಾನೇ. ನಿನ್ನೆ ಪೂಜೆಗೆ ಮುಂಚೆ ಒರೆಸೋಕೆ ಅಂತ ಬಿಚ್ಚಿದ್ದೆ. ಇಂಜಿನ್ನಿಗೆ, ಗೇರಿಗೆ, ಚಕ್ರಕ್ಕೆ ಎಲ್ಲಕ್ಕೂ ಇಟ್ಟಾಗಿತ್ತು. ಪಾಪ, ಇದೊಂದು ಯಾಕೆ ಬೋಳಾಗಿರಬೇಕು ಅಂತ ನೀರಲ್ಲಿ ಕಲಸಿ ತುಂಬ ಇಟ್ಟುಬಿಟ್ಟೆ.”

ರೇವಣ್ಣನಿಗೆ ಬಂದ ನಗು ತಡೆಯಲಾಗಲಿಲ್ಲ. ಬಾನೆಟ್ ಹಿಡಿದುಕೊಂಡು ನಕ್ಕ. ಆಚಾರ್ರೂ ಹೊಟ್ಟೆ ಹಿಡಿದುಕೊಂಡರು.

ದೊರೆಸ್ವಾಮಿ ಸ್ಪಿರಿಟ್ ಹಾಕಿ, ಸಣ್ಣ ಬ್ರಷ್ಷಿನಿಂದ ಪ್ಲಗ್ ಉಜ್ಜಿದ. ಚೆನ್ನಾಗಿ ಒಣಗಿಸಿ ಸಿಕ್ಕಿಸಿದ. ಜಾಕ್ ಇಳಿಸಿದ.

ಕಾರು ಹೊಳೆ ದಾರಿಗೆ ಇಳಿಯಿತು. ಗೇರು ಬೆಣ್ಣೆಯ ಹಾಗೆ ಬದಲಾಯಿತು.

“ಎದ್ದಿತು! ಮುಳ್ಳು ಎದ್ದಿತು!” ರೇವಣ್ಣ ಕಿಟಕಿಯಿಂದ ಕೈ ಬೀಸಿದ. “ಮಗಳನ್ನು ಕರಕೊಂಡು ಮೊದಲು ಇಲ್ಲಿಗೇ ಬರ್ತೀನಿ!” ಹಾರ್ನ್ ಹೊಡೆಯುತ್ತಲೇ ಹೋದ.

ಇಬ್ಬರೂ ಕಾರು ಮರೆಯಾಗುವವರೆಗೂ ನೋಡಿದರು. ದೊರೆಸ್ವಾಮಿಗೆ ಖುಷಿ ಒಂದು ಕಡೆ, ನಾಚಿಕೆ ಒಂದು ಕಡೆ.

“ಬರೋ ವರ್ಷ ನಾನು ಕುಂಕುಮದ ಬಟ್ಟಲು ಮುಟ್ಟಲ್ಲ, ಗುರುಗಳೇ.”

ಆಚಾರ್ರು ಒಳಗೆ ಹೋಗಿ ಆ ಬಟ್ಟಲನ್ನೇ ತಂದರು. ಒಂದು ಚಿಟಿಕೆ ತೆಗೆದು ಶಿಷ್ಯನ ಹಣೆಗಿಟ್ಟರು.

“ಮುಟ್ಟು ಮಗಾ, ಧಾರಾಳವಾಗಿ ಇಡು. ಹಣೆಗಿಡು. ಕಿವಿಗೆ ಮಾತ್ರ ತುಂಬಬೇಡ. ದೇವರಿಗೂ ನಾವು ಹೇಳೋದು ಕೇಳಿಸಬೇಕಲ್ಲ?”