ಹಂಡೆಯವ್ವನ ಹೂಜಿಗಿಡ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಕೂಡ ಹುಟ್ಟಿರದ ಕಾಲದಲ್ಲಿ, ಕಲ್ಲುಗೋಟೆ ಅಂತ ಒಂದು ಊರಿತ್ತಂತೆ. ಎತ್ತ ನೋಡಿದ್ರೂ ಬಂಡೆ. ಬಾವಿ ನೀರೋ ಬರೀ ಉಪ್ಪು, ಬೆಳಿಗ್ಗೆ ಬೇಳೆ ಹಾಕಿದ್ರೆ ಸಂಜೆಯಾದ್ರೂ ಬೇಯ್ತಿರಲಿಲ್ಲವಂತೆ. ಆ ಊರಿನ ಅರಮನೆ ಹಿಂದೆ ದೊಡ್ಡದೊಂದು ಬಚ್ಚಲುಮನೆ, ಅದರೊಳಗೆ ತಾಮ್ರದ ಹಂಡೆ, ಹಂಡೆ ಕೆಳಗೆ ಒಲೆ, ಒಲೆ ಮುಂದೆ ಸೌದೆ ಒಟ್ಟಿಕೊಂಡು ಕೂತಿರೋ ಒಬ್ಬಳು ಹೆಂಗಸು. ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಹಂಡೆಯವ್ವ ಅಂತಿದ್ರಂತೆ.

ದೊರೆ ಬಂದ, ಮಿಂದ, ಹೋದ. ರಾಣಿ ಬಂದಳು, ಮಿಂದಳು, ಹೋದಳು. ಆಮೇಲೆ ಮೂರು ಜನ ರಾಜಕುಮಾರರು ಬಂದ್ರು, ಮಿಂದ್ರು, ಒದ್ದೆ ಪಂಚೆ ಅಲ್ಲೇ ಬಿಸಾಕಿ ಹೋದ್ರು. ಅವಳು ಹೇಳೋದು ನೀರು ಕಾದಿದೆ ಅಂತ, ಅವರು ಹೇಳೋದು ಬಿಸಿ ಸಾಲದು ಅಂತ, ಇಲ್ಲಾ ಬಿಸಿ ಹೆಚ್ಚಾಯ್ತು ಅಂತ. ಇಪ್ಪತ್ತು ವರ್ಷ ಮಗ, ಇಷ್ಟೇ ಮಾತು. ಗಂಡ ಸತ್ತು ಆಗಲೇ ಬಹಳ ಕಾಲ ಆಗಿತ್ತು, ಮಕ್ಕಳಿಲ್ಲ, ಮರಿಯಿಲ್ಲ. ಎಲ್ಲರ ಸ್ನಾನ ಮುಗಿದ ಮೇಲೆ ಅವಳು ಕೆಂಡ ಕೆದಕ್ತಾ ಕೂತು ಯೋಚನೆ ಮಾಡ್ತಿದ್ಳಂತೆ, ನಾಳೆ ನಾನು ಇಲ್ಲೇ ಕಣ್ಣು ಮುಚ್ಚಿದ್ರೆ ಯಾರಿಗೆ ಗೊತ್ತಾಗ್ತದೆ, ನೀರು ಯಾಕೆ ತಣ್ಣಗಿದೆ ಅಂತ ಬೈಯೋಕೆ ಬಂದವರಿಗೆ ಗೊತ್ತಾಗ್ಬೇಕು ಅಷ್ಟೇ ಅಂತ. ಅವಳಿಗೆ ಸಾವಿನ ಭಯ ಇರಲಿಲ್ಲ, ಹಾಗೆ ಯಾರಿಗೂ ಬೇಡದೇ ಸಾಯೋ ಭಯ ಇತ್ತು.

ಹೀಗಿರೋವಾಗ ಹಡಗಿನ ವ್ಯಾಪಾರಿಯೊಬ್ಬ ಏಳು ಸಮುದ್ರದ ಆಚೆಯಿಂದ ದೊರೆಗೆ ಒಂದು ಗಿಡ ತಂದುಕೊಟ್ಟನಂತೆ. ಎಂಥಾ ಗಿಡ ಅಂತೀಯ! ಎಲೆ ತುದಿಯಿಂದ ಒಂದು ದಾರ ಇಳಿದಿದೆ, ದಾರದ ತುದೀಲಿ ಒಂದು ಪುಟಾಣಿ ಹೂಜಿ, ಹೂಜಿಗೊಂದು ಮುಚ್ಚಳ, ಒಳಗೆ ಒಂದು ಗುಟುಕು ನೀರು. ನೊಣ ಬಂದು ಅಂಚಲ್ಲಿ ಕೂತು ಇಣುಕಿದ್ರೆ ಸರ್ರಂತ ಜಾರಿ ಒಳಗೆ, ಗಿಡಕ್ಕೆ ಅದೇ ಊಟ. ದೊರೆ ಅದನ್ನ ಸಿಂಹಾಸನದ ಪಕ್ಕದಲ್ಲೇ ಇಡಿಸಿಕೊಂಡನಂತೆ. ತಿಂಗಳಾಗೋದ್ರೊಳಗೆ ಹೂಜಿಗಳೆಲ್ಲ ಒಣಗಿ ಮುರುಟಿಹೋದ್ವು. ದೊರೆಗೆ ಊಟ ಸೇರಲಿಲ್ಲ. ಮೂರೂ ಮಕ್ಕಳನ್ನ ಕರೆದು, ಯಾರು ಈ ಗಿಡದಲ್ಲಿ ಮತ್ತೆ ಹೂಜಿ ಬಿಡಿಸ್ತೀರೋ ಅವರೇ ನನ್ನ ಮುಂದಿನ ದೊರೆ ಅಂದುಬಿಟ್ಟನಂತೆ.

ದೊಡ್ಡ ಮಗ, ಪಾಪ ಹಸಿದಿದೆ ಅಂತ ಒಂದು ಮಂಕರಿ ಕುರಿಗೊಬ್ಬರ ಸುರಿದು ಮೇಲೆ ನಾಲ್ಕು ಕೊಡ ಬಾವಿ ನೀರು ಹುಯ್ದ. ಎಲೆ ತುದಿಯೆಲ್ಲ ಕಪ್ಪಾಯ್ತು. ಆಮೇಲೆ ನಡುವಿನ ಮಗ, ಇದಕ್ಕೆ ಬಿಸಿಲು ಸಾಲದು ಅಂತ ಕೋಟೆ ಮೇಲೆ ಸುಡುಬಿಸಿಲಲ್ಲಿ ಇಟ್ಟ. ಎಲೆ ಹಪ್ಪಳ ಆಯ್ತು. ಆಮೇಲೆ ಕಿರಿಯವನು, ಅವನು ಬುದ್ಧಿವಂತ ನೋಡು, ನೊಣ ತಿನ್ನೋ ಗಿಡ ಅಂದ್ಮೇಲೆ ಬಾಡೂಟನೂ ತಿಂದೀತು ಅಂತ ಬುಡಕ್ಕೆ ಮಾಂಸದ ಚೂರು ಹಾಕಿ ತುಪ್ಪ ಬೇರೆ ಬಿಟ್ಟ. ಅರಮನೆಗೆ ಅರಮನೇನೇ ಮೂಗು ಮುಚ್ಕೊಳ್ತಂತೆ! ಮೂರು ಜನರಲ್ಲಿ ಒಬ್ಬನಾದ್ರೂ ಅದನ್ನ ಸುಮ್ಮನೆ ಅದರ ಪಾಡಿಗೆ ಬಿಟ್ಟನಾ? ಇಲ್ಲ. ಕೊನೆಗೆ ಆಳುಗಳು ಅದನ್ನ ತಗೊಂಡು ಹೋಗಿ ಬಚ್ಚಲ ಹಿಂದಿನ ಬೂದಿಗುಡ್ಡೆ ಮೇಲೆ ಎಸೆದ್ರಂತೆ.

ಬೂದಿ ಚೆಲ್ಲೋಕೆ ಬಂದ ಹಂಡೆಯವ್ವ ನೋಡ್ತಾಳೆ, ಬುಡದಲ್ಲಿ ಬೆರಳಗಲ ಹಸಿರು ಇನ್ನೂ ಇದೆ. ಅಯ್ಯೋ ನಿನ್ನನ್ನೂ ಬಿಸಾಕಿದ್ರಾ ಅಂದಳಂತೆ. ತೊಳೆದು ತಂದಳು. ಗೊಬ್ಬರ ಹಾಕೋಣ ಅಂದ್ರೆ ಅವಳ ಹತ್ರ ಗೊಬ್ಬರ ಎಲ್ಲಿತ್ತು? ಒಲೆ ಹಚ್ಚೋಕೆ ಇಟ್ಟಿದ್ದ ತೆಂಗಿನ ನಾರನ್ನೇ ಬಿಡಿಸಿ, ಒಡಕು ಮಡಕೇಲಿ ತುಂಬಿ, ಅದರಲ್ಲಿ ನೆಟ್ಟು, ಬಚ್ಚಲ ಕಿಟಕೀಲಿ ಇಟ್ಟಳು. ಅಲ್ಲಿ ಬೆಳಕು ಬರ್ತಿತ್ತು, ಬಿಸಿಲು ತಾಗ್ತಿರಲಿಲ್ಲ. ಉಪ್ಪುನೀರಲ್ಲಿ ಸೀಗೆಪುಡಿ ಜಿಡ್ಡು ಬಿಡಿಸಲ್ಲ ಅಂತ ರಾಣಿ ತಲೆಸ್ನಾನಕ್ಕೆ ಸೂರಿನ ಮಳೆನೀರು ಹಿಡಿದಿಡ್ತಿದ್ರು. ಅದರಲ್ಲೇ ದಿನಾ ಒಂದು ಚೊಂಬು ಗಿಡಕ್ಕೆ. ಇನ್ನು ಹಂಡೆಯ ಆವಿಯಂತೂ ಬೆಳಗಿಂದ ಬೈಗಿನ ತನಕ ಇದ್ದೇ ಇರ್ತಿತ್ತು.

ಆಮೇಲೆ ಅವಳು ಅದರ ಜೊತೆ ಮಾತಾಡೋಕೆ ಶುರು ಮಾಡಿದ್ಳಂತೆ. ಮೊದಮೊದಲು ದನಿಯೇ ಏಳಲಿಲ್ಲ, ಗಂಟಲಿಗೆ ಅಭ್ಯಾಸ ತಪ್ಪಿತ್ತು. ಇವತ್ತು ಸೌದೆ ಹಸೀದು ಕಣೆ, ದೊರೆ ಯಾಕೋ ಸಿಡುಕ್ತಿದ್ದ ಕಣೆ, ನನ್ನ ಮಂಡಿ ನೋಯ್ತದೆ ಕಣೆ. ಗಿಡ ಏನು ಹೇಳೀತು? ಆದ್ರೂ ಕೇಳ್ತಿತ್ತು. ಒಂದು ಎಲೆ ಬಂತು, ಎಲೆ ತುದಿಗೆ ದಾರ ಬಂತು, ದಾರದ ತುದಿ ಕಾಳಿನಷ್ಟು ಊದಿಕೊಳ್ತು, ಆಮೇಲೆ ಬೆರಳುದ್ದ ಆಯ್ತು, ಹೂಜಿಯೇ ಆಯ್ತು. ಒಂದಿನ ಬೆಳಿಗ್ಗೆ ನೋಡಿದ್ರೆ ಮುಚ್ಚಳ ತೆರೆದಿದೆ! ಒಳಗೆ ಗುಟುಕು ನೀರು. ಹಂಡೆಯವ್ವ ನಕ್ಕಳಂತೆ. ತನ್ನ ನಗು ಕೇಳಿ ತಾನೇ ಬೆಚ್ಚಿ ಹಿಂದೆ ತಿರುಗಿ ನೋಡಿದ್ಳಂತೆ, ಯಾರು ಬಂದ್ರೋ ಅಂತ.

ಕಂಡ್ರೆ ಕಿತ್ಕೊಂಡು ಹೋಗ್ತಾರೆ ಅಂತ ಅವಳಿಗೆ ಭಯ. ಯಾರಾದ್ರೂ ಬಂದ್ರೆ ಮೇಲೊಂದು ಪಂಚೆ ಮುಚ್ಚಿಬಿಡ್ತಿದ್ಳು. ಒಂದಿನ ಕಿರಿಯ ರಾಜಕುಮಾರ ಮೈ ಒರೆಸಿಕೊಳ್ಳೋಕೆ ಅದೇ ಪಂಚೆ ಎಳೆದ. ಎಳೆದು, ಅಪ್ಪಾ ಅಪ್ಪಾ ಅಂತ ಕೂಗ್ತಾ ಓಡಿದ. ದೊರೆಯ ಆಳುಗಳು ಬಂದು ಮಡಕೆ ಸಮೇತ ಎತ್ಕೊಂಡು ಹೋದ್ರು. ನೀನು ಬೆಳೆಸಿದ್ಯಾ ಅಂತಲೂ ಒಬ್ಬರು ಕೇಳಲಿಲ್ಲ. ಆವತ್ತು ಅವಳು ಖಾಲಿ ಕಿಟಕಿ ನೋಡ್ತಾ ಅತ್ತಳಂತೆ ಮಗ. ಹೊಗೆಗೆ ಕಣ್ಣೀರು ಬಂತು ಅಂತ ಸುಳ್ಳು ಹೇಳೋಣ ಅಂದ್ರೂ ಕೇಳೋರು ಬೇಕಲ್ಲ.

ಎಂಟು ದಿನಕ್ಕೆ ಸಭೆಯಲ್ಲಿ ಮತ್ತೆ ಹೂಜಿ ಸುಕ್ಕಾಗೋಕೆ ಶುರುವಾಯ್ತು. ದೊರೆ ಅವಳನ್ನ ಕರೆಸಿ, ಏನು ಮಾಟ ಮಾಡಿದ್ದೀಯ, ಗಿಡ ಉಳಿಸು, ಇಲ್ಲಾ ಊರು ಬಿಡು ಅಂತ ಗುಡುಗಿದ. ಅವಳು ಕೈ ಮುಗಿದು, ಮಾಟ ಇಲ್ಲ ಬುದ್ಧಿ, ಅದಕ್ಕೆ ಗಾಳೀಲಿ ತೇವ ಬೇಕು, ನಿಮ್ಮ ಸಭೆ ಸಂಡಿಗೆ ಒಣಗಿಸೋ ಹಾಗಿದೆ, ಬಚ್ಚಲಿಗೆ ಕಳಿಸಿ ಅಂದಳು. ದೊರೆಯ ಗಿಡ ಬಚ್ಚಲಲ್ಲಿ ಇರೋದಾ! ಆಗೋದೇ ಇಲ್ಲ, ಬಚ್ಚಲೇ ಇಲ್ಲಿಗೆ ಬರಲಿ ಅಂದ ದೊರೆ. ಹಂಡೆ ಹೊತ್ಕೊಂಡು ಬಂದ್ರು, ಸಭೆ ನಡುವೆ ಒಲೆ ಹೂಡಿದ್ರು. ಮೊದಲನೇ ದಿನ ಆವಿಗೆ ಮಂತ್ರಿಗಳ ಪೇಟ ಜೋತುಬಿತ್ತು. ಎರಡನೇ ದಿನ ಪಂಡಿತರ ಓಲೆಗರಿಯೆಲ್ಲ ಒಂದಕ್ಕೊಂದು ಅಂಟ್ಕೊಳ್ತು. ಮೂರನೇ ದಿನ ದೊರೆ ಗತ್ತಿನಿಂದ ನಡೆದು ಬಂದು, ಒದ್ದೆ ನೆಲದ ಮೇಲೆ ಕಾಲಿಟ್ಟು, ದಬ್ ಅಂತ ಬಿದ್ದ! ಕಿರೀಟ ಉರುಳ್ಕೊಂಡು ಬಾಗಿಲ ತನಕ ಹೋಯ್ತಂತೆ. ನಗು ನಗು, ಸಭೆಯವರೂ ಹೀಗೇ ಬಾಯಿಗೆ ಕೈ ಇಟ್ಕೊಂಡು ನಕ್ಕರು. ರಾಣಿ ಮಾತ್ರ, ನೀವು ದಿನಾ ಹೋಗೋ ಜಾಗಕ್ಕೆ ಗಿಡ ಹೋದ್ರೆ ಏನು ಮಾನ ಹೋಗ್ತದೆ, ಕಳಿಸ್ರೀ ಅಂದಳಂತೆ.

ಗಿಡ ಬಚ್ಚಲ ಕಿಟಕಿಗೆ ಬಂತು. ಹೊಸ ಹೂಜಿ ಮುಚ್ಚಳ ತೆರೆದ ದಿನ ದೊರೆ ಅಲ್ಲೇ ಕಲ್ಲಿನ ಮೇಲೆ ಕೂತು ನೋಡೇ ನೋಡಿದ. ನೋಡ್ತಾ ನೋಡ್ತಾ, ನಿನ್ನ ಹೆಸರೇನಮ್ಮ ಅಂದ. ಅವಳು ಕೈಲಿದ್ದ ಚೊಂಬು ಕೆಳಗಿಟ್ಟಳು. ಚೆನ್ನಾಜಿ, ಬುದ್ಧಿ ಅಂದಳಂತೆ. ರಾಜ್ಯ ಯಾರಿಗೆ ಅನ್ನೋದನ್ನ ದೊರೆ ಇನ್ನೊಂದು ದಿನ ನೋಡ್ಕೊಂಡ, ಗಿಡ ಬೆಳೆಸಿದವಳಿಗೆ ಬಂಗಾರ ಕೊಡೋಕೆ ಹೋದ. ಬಂಗಾರ ಇಟ್ಕೊಂಡು ನಾನೇನು ಮಾಡ್ಲಿ, ಒಂದು ಕುಡಿ ಚಿವುಟೋಕೆ ಅಪ್ಪಣೆ ಕೊಡಿ ಅಂದಳು ಅವಳು.

ಆ ಕುಡಿ ನಾರಲ್ಲಿ ಬೇರು ಬಿಟ್ಟಾಗ, ನನಗೂ ಒಂದು ಕುಡಿ ಕೊಡು ಅಂತ ರಾಣಿ ಕೇಳಿದಳು. ಆಮೇಲೆ ಮಂತ್ರಿ ಹೆಂಡತಿ ಕೇಳಿದಳು, ಆಮೇಲೆ ಕುಂಬಾರಗೇರಿಯ ಮಲ್ಲಾಜಮ್ಮ ಕೇಳಿದಳು, ಆಮೇಲೆ ಊರೇ ಕೇಳ್ತು. ಎಲ್ಲರಿಗೂ ಕೊಟ್ಟಳು. ಬಾವಿ ನೀರು ಬೇಡ, ಗೊಬ್ಬರ ಬೇಡ, ಬಚ್ಚಲ ಕಿಟಕಿ ಬಿಟ್ಟು ಬೇರೆ ಕಡೆ ಬೇಡ, ಪ್ರೀತಿ ಜಾಸ್ತಿ ಉಕ್ಕಿಬಂದ್ರೆ ಕೈ ಕಟ್ಕೊಂಡು ಕೂತ್ಕೊಳ್ಳಿ ಅಂತ ಹೇಳಿ ಹೇಳಿ ಕೊಟ್ಟಳು. ಆದ್ರೂ ಯಾರಿಗೆ ಧೈರ್ಯ? ದಿನಾ ಒಂದು ಮನೆಯಿಂದ ಕರೆ, ಚೆನ್ನಾಜವ್ವಾ ನಮ್ಮದು ಇನ್ನೂ ಮುಚ್ಚಳ ತೆಗೆದಿಲ್ಲ, ಬಂದು ನೋಡು ಅಂತ. ಹೋಗ್ತಿದ್ಳು, ನೋಡ್ತಿದ್ಳು, ಕೂತ್ಕೋ ಅಂತಿದ್ರು, ಮಜ್ಜಿಗೆ ಕೊಡ್ತಿದ್ರು. ಆದ್ರೂ ಅವಳ ಮನಸ್ಸಲ್ಲಿ ಒಂದು ಮುಳ್ಳಿತ್ತು. ಇವರಿಗೆ ಬೇಕಾಗಿರೋದು ಗಿಡ, ನಾನಲ್ಲ ಅಂತ.

ಒಂದು ಚಳಿಗಾಲ ಅವಳಿಗೆ ಜ್ವರ ಬಂತು. ಏಳೋಕಾಗಲಿಲ್ಲ, ಒಲೆ ಹಚ್ಚಲಿಲ್ಲ. ಬಾಗಿಲ ಕಡೆ ನೋಡ್ತಾ ಮಲಗಿದ್ಳು. ಮೊದಲು ಮಲ್ಲಾಜಮ್ಮ ಬಂದಳು, ಹಿಂದೇನೇ ಮಂತ್ರಿ ಹೆಂಡತಿ, ಅವಳ ಹಿಂದೆ ರಾಣಿ. ಹಂಡೆಯವ್ವ, ಅಲ್ಲ, ಚೆನ್ನಾಜವ್ವ ಎದ್ದು ಕೂರೋಕೆ ಹೋಗಿ, ನಿಮ್ಮ ಗಿಡಕ್ಕೇನಾಯ್ತು ಅಂತ ಕೇಳಿದ್ಳಂತೆ. ಮಲ್ಲಾಜಮ್ಮ ಸಿಟ್ಟಾದಳು. ನಮ್ಮ ಗಿಡ ಸತ್ತು ಎರಡು ತಿಂಗಳಾಯ್ತು, ನೀನು ಬರೋದು ನಿಂತೀತು ಅಂತ ಹೇಳಿರಲಿಲ್ಲ, ಮಜ್ಜಿಗೆ ಕೊಟ್ಟು ಜಗಲಿಯಿಂದಲೇ ಕಳಿಸ್ತಿದ್ದೆ, ಈಗ ಬಾಯಿ ಮುಚ್ಕೊಂಡು ಗಂಜಿ ಕುಡಿ ಅಂದಳಂತೆ.

ಅವಳು ಗಂಜಿ ಕುಡಿದಳು. ರಾತ್ರಿ ಮಲ್ಲಾಜಮ್ಮ ಮನೆಗೆ ಹೋಗಲಿಲ್ಲ, ಅಲ್ಲೇ ಪಕ್ಕದಲ್ಲಿ ಚಾಪೆ ಹಾಕಿ ಮಲಗಿದ್ಳು. ಜ್ವರ ಬಿಡ್ತು. ಚೆನ್ನಾಜವ್ವ ಆಮೇಲೆ ಬಹಳ ವರ್ಷ ಸುಖವಾಗಿದ್ಳಂತೆ, ಕತೆಯೂ ಅಲ್ಲಿಗೆ ಮುಗೀತಂತೆ. ಚಳಿ ಆಗ್ತಿದೆ, ಇನ್ನೊಂಚೂರು ಈ ಕಡೆ ಸರಿ ಮಗ.