ದ್ಯಾವಕ್ಕನ ಕೊಕ್ಕೆ, ನಾಗರಹೆಡೆಯ ಗುರುತು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಪೂರ್ತಿ ಗಟ್ಟಿಯಾಗಿರಲಿಲ್ಲ. ತಾನು ಯಾವ ಕಡೆ ಹರಿಯಬೇಕು ಅನ್ನುವುದು ಹೊಳೆಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಒಂದು ವರ್ಷ ಈ ಕಡೆ ಹರಿದರೆ ಇನ್ನೊಂದು ವರ್ಷ ಆ ಕಡೆ. ಆಗ ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಹಾವೂ ಮಾತಾಡುತ್ತಿತ್ತು.

ಆ ಕಾಲದಲ್ಲಿ ನಾಗರಹಾವಿನ ಹೆಡೆಯ ಮೇಲೆ ಯಾವ ಗುರುತೂ ಇರಲಿಲ್ಲ. ಆಗತಾನೇ ಬಿಚ್ಚಿಕೊಂಡ ಮುತ್ತುಗದ ಎಲೆಯ ಹಾಗೆ ಬೋಳಾಗಿ, ನುಣ್ಣಗೆ ಇತ್ತು.

ಹೊಳೆಯ ಈಚೆ ದಡದಲ್ಲಿ ದ್ಯಾವಕ್ಕ ಅನ್ನುವ ಹೆಂಗಸು ಇದ್ದಳು. ಜನ ರಾಗಿ ಬೆಳೆಯುವುದನ್ನು ಆಗಷ್ಟೇ ಕಲಿತಿದ್ದರು. ದ್ಯಾವಕ್ಕನ ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿ ಹಗೇವು ಮಾಡಿ, ಎರಡೂ ದಡದವರ ಬಿತ್ತನೆ ರಾಗಿಯನ್ನು ಅದರೊಳಗೆ ಸುರಿದು, ಬಾಯಿಗೆ ಕಲ್ಲಿನ ಚಪ್ಪಡಿ ಮುಚ್ಚಿದ್ದರು. ಅದನ್ನು ಕಾಯುವ ಕೆಲಸ ಅವಳದು.

ರಾಗಿಯ ರುಚಿ ಇಲಿಗಳಿಗೂ ಆಗಷ್ಟೇ ಗೊತ್ತಾಗಿತ್ತು. ಅವು ಬಿಲ ಕೊರೆದುಕೊಂಡು ಒಳಗೆ ನುಗ್ಗಿದವು. ದ್ಯಾವಕ್ಕ ಒಂದು ಬಿಲ ಮುಚ್ಚಿದರೆ ಇನ್ನೆರಡು ಬಾಯಿ ತೆರೆಯುತ್ತಿದ್ದವು. ಕೊನೆಗೆ ಅವಳು ಹುತ್ತದ ಹತ್ತಿರ ಹೋಗಿ ಕೂತಳು.

"ನಾಗವ್ವಾ, ನಾಗವ್ವಾ, ಒಂದಿಷ್ಟು ಹೊರಗೆ ಬಾರವ್ವ."

ನಾಗವ್ವ ನಿಧಾನವಾಗಿ ತಲೆ ಹೊರಗೆ ಹಾಕಿದಳು. "ಏನು ದ್ಯಾವಿ?"

"ಇಲಿಗಳು ಬಿತ್ತನೆ ಕಾಳನ್ನೇ ತಿಂತಾ ಇದ್ದಾವೆ. ನೀನು ಬಂದು ನನ್ನ ಹಗೇವಿನ ಹತ್ತಿರ ಇರು. ನಿನಗೂ ಊಟ, ನನಗೂ ಕಾವಲು."

"ನಿಮ್ಮ ಜನಕ್ಕೆ ನನ್ನ ಕಂಡರೆ ಭಯ. ಕಂಡ ಕೂಡಲೇ ಕೂಗ್ತಾರೆ, ಕಲ್ಲು ಎತ್ತಿಕೊಳ್ತಾರೆ."

"ಎಲ್ಲರಿಗೂ ನಾನು ಹೇಳಿರ್ತೀನಿ. ನಾನೇ ಕರೆದದ್ದು ಅಂತ ಹೇಳ್ತೀನಿ. ನನ್ನ ಹಿತ್ತಲಲ್ಲಿ ನಿನ್ನ ಮೈಗೆ ಒಂದು ಕಡ್ಡಿಯೂ ತಾಕೋದಿಲ್ಲ."

ನಾಗವ್ವ ಆ ಮಾತು ನಂಬಿ ಬಂದಳು. ಚಪ್ಪಡಿಯ ಒಂದು ಮೂಲೆ ಒಡೆದಿತ್ತು. ಅದೇ ಅವಳ ಬಾಗಿಲಾಯಿತು. ಹದಿನೈದು ದಿನದಲ್ಲಿ ಇಲಿಗಳ ಸದ್ದು ಅಡಗಿತು. ದ್ಯಾವಕ್ಕ ಬಿಲಗಳಿಗೆಲ್ಲ ಕಲ್ಲು ಮಣ್ಣು ಜಡಿದು ಮುಚ್ಚಿದಳು. ಹಾದುಹೋಗುವವರು ಅಂದರು, "ಎಷ್ಟು ಜೋಪಾನ ಮಾಡಿದ್ದೀಯೆ ದ್ಯಾವಕ್ಕ! ಒಂದು ಇಲಿಯೂ ಇಲ್ಲವಲ್ಲ!"

ದ್ಯಾವಕ್ಕ ನಕ್ಕು ಸುಮ್ಮನಾದಳು. ಹೇಳಬೇಕು ಅಂದುಕೊಂಡಳು. ನಾಳೆ ಹೇಳೋಣ ಅಂದುಕೊಂಡಳು. ಹಾವನ್ನು ಮನೆಗೆ ಕರೆದುಕೊಂಡವಳು ಅಂದರೆ ಜನ ಏನಂದಾರು? ನಾಳೆ ಹೇಳೋಣ. ಆ ನಾಳೆ ಬರಲೇ ಇಲ್ಲ.

ಬಿತ್ತನೆಯ ಕಾಲ ಹತ್ತಿರವಾಯಿತು. ರಾಗಿ ತೆಗೆದುಕೊಂಡು ಹೋಗಲು ಆಚೆ ದಡದವರು ಬಂದರು. ಅವರ ಮುಂದೆ ದ್ಯಾವಕ್ಕನ ಗಂಡನ ಅಕ್ಕ ಮಾರಕ್ಕ. ಅವಳ ಮಾತಿಗೆ ಎರಡೂ ದಡದಲ್ಲಿ ಬೆಲೆ. ಅವಳು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ.

ದ್ಯಾವಕ್ಕ ಆಗ ಹಿತ್ತಲಲ್ಲಿ ಬೆಂಕಿ ಹಾಕಿಕೊಂಡು, ಬೇಲಿಯ ಮುಳ್ಳು ನೂಕುವ ಕವೆಗೋಲಿನ ಎರಡು ತುದಿಗಳನ್ನು ಗಟ್ಟಿಯಾಗಲಿ ಎಂದು ಕಾಯಿಸುತ್ತಿದ್ದಳು. ನಾಗವ್ವ ಚಪ್ಪಡಿಯ ಮೇಲೆ ಬಿಸಿಲು ಕಾಯಿಸುತ್ತಾ ಹೆಡೆ ಬಿಚ್ಚಿ ಮಲಗಿದ್ದಳು.

"ಅಯ್ಯಯ್ಯೋ! ಹಾವು! ಹಾವು!" ಮಾರಕ್ಕ ಕಿರುಚಿದಳು. "ದ್ಯಾವೀ, ನಾವು ಬಿತ್ತೋ ಕಾಳಿನ ಮೇಲೆ ಹಾವು ಮಲಗಿದೆಯಲ್ಲೇ! ಯಾರು ಬಿಟ್ಟದ್ದು ಇದನ್ನ ಇಲ್ಲಿ?"

ಎಲ್ಲರ ಕಣ್ಣೂ ದ್ಯಾವಕ್ಕನ ಮೇಲೆ. ಹೇಳಬೇಕಾದ ಮಾತು ಅವಳ ನಾಲಿಗೆಯ ತುದಿಗೆ ಬಂತು. ಮಾರಕ್ಕನ ಮುಖ ನೋಡಿದಳು. ಮಾತು ಹಿಂದಕ್ಕೆ ಹೋಯಿತು.

"ನನಗೇನು ಗೊತ್ತಕ್ಕಾ? ಎಲ್ಲಿಂದಲೋ ಬಂದ ಹಾವು," ಅಂದಳು.

ಅಷ್ಟು ಹೇಳಿ ಬೆಂಕಿಯಿಂದ ಕವೆಗೋಲನ್ನು ಎಳೆದುಕೊಂಡು ಓಡಿಹೋಗಿ, ನಾಗವ್ವನ ಹೆಡೆಯ ಮೇಲೆ ಒತ್ತಿ ಹಿಡಿದಳು. ಕಾದ ತುದಿಗಳು ಎರಡೂ ಬದಿಯಲ್ಲಿ ನಾಟಿದವು. ಸುಟ್ಟ ವಾಸನೆ ಎದ್ದಿತು.

ನಾಗವ್ವ ಕಚ್ಚಲಿಲ್ಲ. ಕಚ್ಚಬಹುದಿತ್ತು. ಮೊದಲು ತಲೆ ಹೊರಳಿಸಿ ನೋಡಿದಳು. "ದ್ಯಾವಿ," ಅಂದಳು. "ನಾನು ಕಣೆ."

ಆ ಮಾತು ಎಲ್ಲಿ ಮಾರಕ್ಕನ ಕಿವಿಗೆ ಬೀಳುವುದೋ ಎಂದು ದ್ಯಾವಕ್ಕ ಕೋಲನ್ನು ಇನ್ನೂ ಜೋರಾಗಿ ಒತ್ತಿದಳು.

ಒತ್ತಿದ ರಭಸಕ್ಕೆ ಹಿಡಿತ ತಪ್ಪಿತು. ನಾಗವ್ವ ಜಾರಿಕೊಂಡು ಚಪ್ಪಡಿಯ ಒಡೆದ ಮೂಲೆಯಿಂದ ಹಗೇವಿನೊಳಗೆ ಬಿದ್ದಳು. ಮಾರಕ್ಕ ಓಡಿಬಂದು ಹಸಿ ಮಣ್ಣು ಮೆತ್ತಿ ಆ ಸಂದನ್ನೂ ಮುಚ್ಚಿದಳು. "ಇರಲಿ ಒಳಗೇ. ಹಸಿದು ಸಾಯಲಿ. ಆಮೇಲೆ ರಾಗಿ ತೆಗೆಯೋಣ," ಅಂದಳು. ತನ್ನ ತಲೆಯಲ್ಲಿದ್ದ ಹೂವು ತೆಗೆದು ದ್ಯಾವಕ್ಕನಿಗೆ ಮುಡಿಸಿದಳು. "ಎಂಥ ಗಟ್ಟಿ ಎದೆಯೇ ನಿನ್ನದು! ನಮ್ಮ ಮನೆತನದ ಮಾನ ಉಳಿಸಿದೆ."

ಎಲ್ಲರೂ ಹೌದು ಹೌದು ಅಂದರು. ಒಬ್ಬೊಬ್ಬರಾಗಿ ಬಂದು ಅವಳ ಭುಜ ತಟ್ಟಿದರು. ತಟ್ಟಿದಷ್ಟೂ ದ್ಯಾವಕ್ಕನ ತಲೆ ಕೆಳಕ್ಕೆ ಇಳಿಯಿತು. ನಾಚಿಕೆ ಸ್ವಭಾವದವಳು ಅಂದುಕೊಂಡರು ಅವರು. ಊಟಕ್ಕೆ ಕೂತಾಗ ಮುದ್ದೆ ಮುರಿದಳು, ಸಾರಿನಲ್ಲಿ ಹೊರಳಿಸಿದಳು, ಬಾಯಿಗೆ ಇಡಲಾಗಲಿಲ್ಲ. ಅದೂ ರಾಗಿಯೇ, ನಾಗವ್ವ ಕಾದುಕೊಟ್ಟಂಥದೇ ರಾಗಿ.

ಅವಳು ಎದ್ದು ಹೊಳೆಗೆ ಹೋದಳು. ಬಗ್ಗಿ ಕೈ ತೊಳೆದಳು. ಮತ್ತೆ ತೊಳೆದಳು. ಸುಟ್ಟ ವಾಸನೆ ಹೋಗಲಿಲ್ಲ. ನೀರಿನಲ್ಲಿ ತನ್ನದೇ ಮುಖ ಹೂ ಮುಡಿದು ಕಾಣಿಸಿತು. ಕಣ್ಣು ಮುಚ್ಚಿಕೊಂಡಳು.

ಗಾಳಿ ಮೆಲ್ಲಗೆ ಬಂದು ಅವಳ ಪಕ್ಕದಲ್ಲಿ ಕೂತಿತು. "ನೀನೇ ಅಲ್ಲವೇನೆ ಅವಳನ್ನ ಕರೆದವಳು?" ಎಂದು ಕೇಳಿತು. "ಹುತ್ತದ ಹತ್ತಿರ ನಾನೂ ಇದ್ದೆ."

"ಮೆಲ್ಲಗೆ ಮಾತಾಡು," ಅಂದಳು ದ್ಯಾವಕ್ಕ. ಹಾಗೆ ಅಂದದ್ದಕ್ಕೆ ಅವಳಿಗೆ ಇನ್ನೂ ನಾಚಿಕೆಯಾಯಿತು.

ಆಗ ಹೊಳೆ ಹೇಳಿತು: "ಬೆಟ್ಟದ ಮೇಲೆ ಮಳೆ ಹೊಯ್ದಿದೆ. ನಾಳೆ ಮಧ್ಯಾಹ್ನದ ಹೊತ್ತಿಗೆ ನಾನು ನಿನ್ನ ಹಿತ್ತಲಿಗೆ ಬರ್ತೀನಿ. ಹಗೇವು ತುಂಬಿಕೊಳ್ಳುತ್ತೆ."

"ನಿನ್ನ ಕಾಲಿಗೆ ಬೀಳ್ತೀನಿ ತಾಯಿ, ಎರಡು ದಿನ ನಿಂತುಕೋ."

"ನಿಲ್ಲೋದನ್ನ ನಾನಿನ್ನೂ ಕಲಿತಿಲ್ಲ ಕಣಮ್ಮ."

ಮರುದಿನ ಬೆಳಕು ಹರಿದ ಕೂಡಲೇ ದ್ಯಾವಕ್ಕ ಹಿತ್ತಲಿಗೆ ಹೋಗಿ, ಹಾರೆ ಕೊಟ್ಟು ಚಪ್ಪಡಿಯನ್ನು ಸರಿಸಿದಳು. ಸೊಂಟದ ಎತ್ತರದ ರಾಗಿಯ ರಾಶಿಯ ಮೇಲೆ ನಾಗವ್ವ ಸುಟ್ಟ ನೋವಿಗೆ ಮೇಲೆ ಹತ್ತಲಾಗದೆ ಸುರುಳಿ ಸುತ್ತಿ ಕೂತಿದ್ದಳು. ದ್ಯಾವಕ್ಕ ಕೈ ಇಳಿಬಿಟ್ಟಳು. ಬುಸ್ ಎಂದು ಉಸಿರು ಬಂತು.

"ಕೈ ತೆಗಿ. ಆ ಕೈ ನನಗೆ ಗೊತ್ತು. ಹತ್ತಿರ ಬಂದರೆ ಕಚ್ಚಿಬಿಡ್ತೀನಿ. ಕಚ್ಚಬಾರದು ಅಂತ ನಿನ್ನೆಯಿಂದ ತಡಕೊಂಡು ಕೂತಿದ್ದೀನಿ."

ದ್ಯಾವಕ್ಕ ಕವೆಗೋಲನ್ನು ಎತ್ತಿಕೊಂಡಳು. ಅದನ್ನು ಕಂಡ ನಾಗವ್ವ ಗುಂಡಿಯ ಗೋಡೆಗೆ ಒತ್ತಿಕೊಂಡು ಮುದುರಿದಳು. ದ್ಯಾವಕ್ಕ ಆ ಕೋಲನ್ನು ಮುರಿದು ಎಸೆದಳು. ಕತ್ತಾಳೆ ನಾರಿನ ಕುಣಿಕೆ ಮಾಡಿ ಇಳಿಸಿದಳು.

"ಇದು ನನ್ನ ಕೊರಳಿಗಾ?" ಎಂದು ಕೇಳಿದಳು ನಾಗವ್ವ.

ದ್ಯಾವಕ್ಕ ಕುಣಿಕೆಯನ್ನು ಮೇಲೆಳೆದುಕೊಂಡು ಗುಂಡಿಯ ಬಾಯಲ್ಲಿ ಮುಖ ಮುಚ್ಚಿ ಕೂತಳು. "ನೀರು ಬರ್ತಾ ಇದೆ ನಾಗವ್ವ. ನಿನ್ನ ಹೇಗೆ ಹಿಡೀಲಿ ನಾನು?"

"ಹಿಡೀಬೇಡ. ಹಿಡಿದದ್ದೇ ಸಾಕು. ಮರದ ಕೊಂಬೆ ನನ್ನ ಹಿಡಿಯುತ್ತಾ? ಅದು ಸುಮ್ಮನೆ ಇರುತ್ತೆ. ನಾನು ಅದರ ಮೇಲೆ ಇರ್ತೀನಿ."

ದ್ಯಾವಕ್ಕ ಕಣ್ಣೊರೆಸಿಕೊಂಡು ಎದ್ದಳು. ಹೊಳೆಯ ಅಂಚಿನ ಲಕ್ಕಿ ಪೊದೆಯಿಂದ ತನ್ನಷ್ಟೇ ಉದ್ದದ, ಗಟ್ಟಿಯಾದ ಒಂದು ಕೋಲು ಕಡಿದು ತಂದಳು. ತುದಿಯನ್ನು ಕೆಂಡದ ಮೇಲೆ ಹದವಾಗಿ ಬಿಸಿ ಮಾಡಿ, ಒರಳುಕಲ್ಲಿಗೆ ಒತ್ತಿ ಬಗ್ಗಿಸಿದಳು. ಅವಸರದಲ್ಲಿ ಅದು ಚಟ್ಟೆಂದು ಮುರಿಯಿತು. ಮತ್ತೊಂದು ತಂದಳು. ಈ ಸಲ ಮೆಲ್ಲಮೆಲ್ಲಗೆ ಬಗ್ಗಿಸಿ, ನಾರು ಕಟ್ಟಿ, ತಣ್ಣೀರಿನಲ್ಲಿ ಅದ್ದಿದಳು. ಕೊಕ್ಕೆಯೇನೋ ಆಯಿತು, ಬಳೆಯ ಹಾಗೆ ಪೂರ್ತಿ ಸುತ್ತಿಕೊಂಡಿತ್ತು.

ನಾಗವ್ವ ಕೆಳಗಿನಿಂದ ನೋಡಿದಳು. "ಅದರೊಳಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋದು ಹೇಗೆ? ಬಾಯಿ ಅಗಲ ಇರಲಿ. ಬೇಡ ಅನ್ನಿಸಿದರೆ ನಾನು ಇಳಿದು ಹೋಗುವ ಹಾಗಿರಲಿ."

ದ್ಯಾವಕ್ಕ ಅದನ್ನು ಮತ್ತೆ ಬಿಸಿಗೆ ಹಿಡಿದು ಬಾಯಿ ಅಗಲಿಸಿದಳು. ಸಿಬರು ಚುಚ್ಚದಂತೆ ಮರಳುಕಲ್ಲಿನಿಂದ ಉಜ್ಜಿದಳು. ಹರಳೆಣ್ಣೆ ಸವರಿದಳು. ತನ್ನ ಕೆನ್ನೆಯ ಮೇಲೆ ಎಳೆದು ನೋಡಿದಳು, ಎಲ್ಲಾದರೂ ಒರಟು ಉಳಿದಿದೆಯಾ ಎಂದು. ತಾನು ಇಷ್ಟು ಜೋಪಾನವಾಗಿ ನಿನ್ನೆಯೇ ಇದ್ದಿದ್ದರೆ ಅಂದುಕೊಳ್ಳುತ್ತಾ ಇನ್ನೊಮ್ಮೆ ಉಜ್ಜಿದಳು.

ಅಷ್ಟರಲ್ಲಿ ಹೊಳೆ ಬೇಲಿಗೆ ಬಂದು ಮುಟ್ಟಿತ್ತು. ನೀರು ಏರುವುದನ್ನು ಕಂಡು ರಾಗಿ ಉಳಿಸಿಕೊಳ್ಳಲು ಮಾರಕ್ಕ ಜನರನ್ನು ಕೂಡಿಕೊಂಡು ಓಡಿಬಂದಳು. ಚಪ್ಪಡಿ ತೆರೆದಿತ್ತು.

"ಏನೇ ಮಾಡ್ತಾ ಇದ್ದೀಯ? ಹಾವು ಒಳಗೇ ಇದೆಯಲ್ಲೇ!" ಮಾರಕ್ಕ ಕಲ್ಲು ಎತ್ತಿಕೊಂಡಳು.

ದ್ಯಾವಕ್ಕ ಗುಂಡಿಗೆ ಅಡ್ಡ ನಿಂತಳು. ತಲೆಯಲ್ಲಿ ಬಾಡಿಹೋಗಿದ್ದ ಹೂವನ್ನು ಕಿತ್ತು ನೆಲಕ್ಕೆ ಹಾಕಿದಳು.

"ಅಕ್ಕಾ, ಇವಳು ಎಲ್ಲಿಂದಲೋ ಬಂದವಳಲ್ಲ. ನಾನೇ ಕರೆದದ್ದು. ಇಲಿಗಳನ್ನ ಓಡಿಸಿದವಳು ಇವಳು, ಹೊಗಳಿಸಿಕೊಂಡವಳು ನಾನು. ನಿನ್ನೆ ನಿನ್ನ ಮುಂದೆ ಹೇಳೋಕೆ ನಾಚಿಕೆಯಾಯ್ತು. ಹೆಸರು ಹಿಡಿದು ಕರೆದಳು ಅಕ್ಕಾ ನನ್ನ. ಕರೀತಾ ಇದ್ದಾಗಲೇ ಒತ್ತಿ ಹಿಡಿದೆ, ನಿಮಗ್ಯಾರಿಗೂ ಕೇಳದೆ ಇರಲಿ ಅಂತ."

ಮಾರಕ್ಕನ ಕೈಯ ಕಲ್ಲು ಕೆಳಗೆ ಬಿತ್ತು. "ನಿನಗೆ ಹೂವು ಮುಡಿಸಿದೆನಲ್ಲೇ ನಾನು," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ದ್ಯಾವಕ್ಕನಿಗೆ.

ಅವಳು ಎಲ್ಲರನ್ನೂ ದೂರ ಸರಿಯಲು ಹೇಳಿ, ಜಾರಿ ಬೀಳದಂತೆ ಕಾಲೂರಿ ನಿಂತು, ಕೊಕ್ಕೆಯನ್ನು ಮೆಲ್ಲಗೆ ಇಳಿಸಿದಳು. ನಾಗವ್ವನ ಹೊಟ್ಟೆಯ ಕೆಳಗೆ, ನಡುವಿಗಿಂತ ಚೂರು ಮುಂದೆ, ಅದನ್ನು ಆನಿಸಿದಳು.

"ಎಳೀಬೇಡ, ಎತ್ತು," ಅಂದಳು ನಾಗವ್ವ. "ಅವಸರ ಬೇಡ. ನೀನು ಹೆದರಿದರೆ ನಾನೂ ಹೆದರ್ತೀನಿ."

ಬೇಲಿ ದಾಟಿದ ನೀರು ದ್ಯಾವಕ್ಕನ ಪಾದ ಮುಟ್ಟಿ, ಹಗೇವಿನ ಬಾಯಿಂದ ಒಳಕ್ಕೆ ಸುರಿಯತೊಡಗಿತು. ಅವಳು ಅವಸರ ಮಾಡಲಿಲ್ಲ. ನಾಗವ್ವನ ಭಾರ ಕೊಕ್ಕೆಯ ಮೇಲೆ ಸ್ವಲ್ಪಸ್ವಲ್ಪವಾಗಿ ಬಂದು ಕೂತಿತು. ಕೊಂಬೆಯ ಮೇಲೆ ಮಲಗಿದ ಹಾಗೆ ನಾಗವ್ವ ಮೇಲೆ ಬಂದಳು. ದ್ಯಾವಕ್ಕ ಕೋಲನ್ನು ಮೈಯಿಂದ ದೂರ ಚಾಚಿ ಹಿಡಿದು, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು, ನೀರು ಬಾರದ ಎತ್ತರದ ದಿಣ್ಣೆಗೆ ಒಯ್ದು ಇಳಿಸಿದಳು.

ಜನ ರಾಗಿ ಬಾಚಿಕೊಳ್ಳಲು ಗುಂಡಿಗೆ ಓಡಿದರು. ಅರ್ಧ ಸಿಕ್ಕಿತು, ಅರ್ಧ ನೀರಿನ ಪಾಲಾಯಿತು. ಆ ವರ್ಷ ಎರಡೂ ದಡದಲ್ಲಿ ಅರ್ಧ ಹೊಲವೇ ಬಿತ್ತನೆಯಾದದ್ದು.

ದಿಣ್ಣೆಯ ಮೇಲೆ ನಾಗವ್ವ ಹೆಡೆ ಬಿಚ್ಚಿದಳು. ಆಗ ದ್ಯಾವಕ್ಕ ಕಂಡಳು. ಹೆಡೆಯ ಹಿಂದೆ, ಕವೆಗೋಲಿನ ಎರಡು ತುದಿ ನಾಟಿದ ಕಡೆ ಎರಡು ಕಪ್ಪು ಚುಕ್ಕಿ, ಚುಕ್ಕಿಯ ಸುತ್ತ ಬೆಳ್ಳಗೆ ಸುಟ್ಟ ಬಳೆ. ಎರಡನ್ನೂ ಕೂಡಿಸಿ ಕವೆ ಒತ್ತಿದ ಬಾಗು ಗೆರೆ.

"ಹರಳೆಣ್ಣೆ ಹಚ್ಚಲಾ?" ಎಂದು ಕೇಳಿದಳು.

"ಬೇಡ. ಪೊರೆ ಬಿಟ್ಟರೂ ಇದು ಹೋಗೋದಿಲ್ಲ. ನನ್ನ ಮಕ್ಕಳಿಗೂ ಬರುತ್ತೆ."

"ನನ್ನ ಕ್ಷಮಿಸ್ತೀಯಾ ನಾಗವ್ವ?"

ನಾಗವ್ವ ಹೆಡೆ ಮಡಿಸಿದಳು. "ನಂಬೋದಕ್ಕೆ ಇನ್ನು ನನ್ನಿಂದ ಆಗೋದಿಲ್ಲ ದ್ಯಾವಿ," ಎಂದಳು. "ಆದರೆ ಒಂದು ಮಾತು ಕೊಡ್ತೀನಿ. ನಿನ್ನ ಜನ ಎದುರಿಗೆ ಬಂದರೆ ತಟ್ಟನೆ ಕಚ್ಚೋದಿಲ್ಲ. ಎದ್ದು ನಿಲ್ತೀನಿ. ಹೆಡೆ ಬಿಚ್ಚಿ ತೋರಿಸ್ತೀನಿ. ಅಷ್ಟು ಹೊತ್ತು ನಿಮ್ಮದು. ಅಷ್ಟರೊಳಗೆ ಹಿಂದೆ ಸರೀಬೇಕು."

"ಒತ್ತೋದಿಲ್ಲ ಇನ್ನು," ಅಂದಳು ದ್ಯಾವಕ್ಕ. "ಎತ್ತುತ್ತೀವಿ. ಎತ್ತೋದು ಗೊತ್ತಿಲ್ಲದವರು ದೂರ ನಿಲ್ತಾರೆ. ಎಲ್ಲರಿಗೂ ಹೇಳ್ತೀನಿ." ಕೊಕ್ಕೆಯನ್ನು ನೆಲಕ್ಕೆ ಊರಿ, "ಈ ಸಲ ನಿಜವಾಗಿ ಹೇಳ್ತೀನಿ," ಅಂದಳು.

ನಾಗವ್ವ ಹುಲ್ಲಿನೊಳಗೆ ಸರಿದುಹೋದಳು. ಅವತ್ತಿನಿಂದ ಅವಳು ಮನುಷ್ಯರ ಜೊತೆ ಮಾತಾಡಲಿಲ್ಲ. ದ್ಯಾವಕ್ಕ ಮಾತ್ರ ಮಾತು ಉಳಿಸಿಕೊಂಡಳು. ಇರುವಷ್ಟು ದಿನವೂ ಕೊಕ್ಕೆ ಮಾಡಿದಳು, ಮಾಡುವುದನ್ನು ಕಲಿಸಿದಳು, ಹಾವು ಬಂದ ಮನೆಗೆಲ್ಲ ಹೋಗಿ ಮೆಲ್ಲಗೆ ಎತ್ತಿ ಕಾಡಿಗೆ ಬಿಟ್ಟಳು. ಕಲಿಯಲು ಬಂದವರಿಗೆ ಮೊದಲು ತಾನು ಮಾಡಿದ ತಪ್ಪನ್ನು ಹೇಳುತ್ತಿದ್ದಳು, ಆಮೇಲೆ ಕೋಲು ಬಗ್ಗಿಸುವುದನ್ನು. ಎಷ್ಟು ಸಲ ಹೇಳಿದರೂ ಹೇಳುವಾಗ ಅವಳ ತಲೆ ತಗ್ಗುತ್ತಿತ್ತು.

ಅದಕ್ಕೇ ಮಗಾ, ಇವತ್ತಿಗೂ ನಾಗರಹಾವು ಕಚ್ಚುವುದಕ್ಕೆ ಮುಂಚೆ ಎದ್ದು ನಿಂತು, ಹೆಡೆ ಬಿಚ್ಚಿ, ಅದರ ಹಿಂದಿನ ಆ ಎರಡು ಚುಕ್ಕಿ, ಒಂದು ಬಾಗು ಗೆರೆಯನ್ನು ಹೊತ್ತುಕೊಂಡು ನಮಗೆ ಹಿಂದೆ ಸರಿಯುವಷ್ಟು ಹೊತ್ತು ಕೊಡುವುದು.