ತಿಕ್ಕಿ ತೊಳೆದ ಕಲ್ಲು

ಹೊಳೆ ದಂಡೆಯ ಮಠದಲ್ಲಿ ಚೆನ್ನವೀರನಿಗೆ ಎರಡು ವರ್ಷದಿಂದ ಒಂದೇ ಸೇವೆ. ಊರಿನ ಬಚ್ಚಲ ನೀರೆಲ್ಲ ಗಟಾರ ಹಿಡಿದು ಬಂದು ಮಠದ ಹಿಂದಿನ ಹೊಂಡಕ್ಕೆ ಬೀಳುತ್ತಿತ್ತು. ಹೊಂಡದ ತುಂಬ ಕಲ್ಲು, ಕೊನೆಯಲ್ಲಿ ಜೊಂಡು. ನೀರು ಅವುಗಳ ನಡುವೆ ತಡೆದು ತಡೆದು ಹರಿದು ಆಚೆ ತಿಳಿಯಾಗಿ ಇಳಿಯುತ್ತಿತ್ತು. ಆ ಹೊಂಡವನ್ನು ನೋಡಿಕೊಳ್ಳಬೇಕು.

ಅವನು ಬಂದದ್ದು ಮಂತ್ರೋಪದೇಶಕ್ಕೆ. ಸಿಕ್ಕಿದ್ದು ಗಟಾರ.

ಕೇಳಿದಾಗಲೆಲ್ಲ ಗುರುಗಳದು ಒಂದೇ ಮಾತು. "ಮೊದಲ ಹೊಂಡ ನೋಡ್ಕೊ. ಕಿವ್ಯಾಗ ಹೇಳೂ ಮಂತ್ರ ಎಲ್ಲಿ ಓಡಿ ಹೋಗತೈತಿ?"

ಕಡೆಗೊಂದು ದಿನ ಅವರೇ ಕರೆದು ಹೇಳಿದರು. "ಸೋಮವಾರ ಮುಂಜಾನೆ ನಿನಗ ಉಪದೇಶ."

ಚೆನ್ನವೀರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಥ ದಿನ ಹೊಂಡ ಹೊಲಸಾಗಿದ್ದರೆ ಹೇಗೆ? ಕಲ್ಲುಗಳಿಗೆಲ್ಲ ಲೋಳೆ ಹತ್ತಿತ್ತು. ಶನಿವಾರ ಗಟಾರಕ್ಕೆ ಒಡ್ಡು ಹಾಕಿ, ಕಲ್ಲು ಹೊರತೆಗೆದು, ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದ. ಎರಡು ದಿನ ಬೆನ್ನು ಮುರಿಯುವಂತೆ ತಿಕ್ಕಿ, ಭಾನುವಾರ ಸಂಜೆ ಮತ್ತೆ ಜೋಡಿಸಿ ನೀರು ಬಿಟ್ಟ.

ಸೋಮವಾರ ಜಳಕ ಮಾಡಿ, ಮಡಿ ಉಟ್ಟು, ವಿಭೂತಿ ಹಚ್ಚಿ ಗುರುಗಳ ಮುಂದೆ ಕುಳಿತ. ಅಷ್ಟರಲ್ಲಿ ದುಂಡವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ಬಂದಳು. ಹೊಂಡದ ಕೆಳಗೆ ಚೆಂಡುಹೂವು ಬೆಳೆಯುವವಳು ಅವಳು.

"ಅಜ್ಜಾರ, ನೀರು ಗಬ್ಬ ನಾರಾಕತ್ತೈತ್ರಿ. ಇದನ್ನ ಹೂವಿಗೆ ಹ್ಯಾಂಗ ಬಿಡ್ಲಿ?"

ಗುರುಗಳು ಶಿಷ್ಯನ ಕಡೆ ನೋಡಿದರು. "ಏನ ಮಾಡ್ದೆಪಾ?"

"ಕಲ್ಲು ತೊಳದೇನ್ರಿ. ಒಂದಕ್ಕೂ ಲೋಳೆ ಉಳಿಸಿಲ್ರಿ."

ದುಂಡವ್ವ ಹಣೆ ಬಡಿದುಕೊಂಡಳು. "ನೀರು ತಿಳಿ ಮಾಡೂದ ಆ ಲೋಳೆ, ತಮ್ಮಾ! ಹೊಲಸ ತಿನ್ನೂ ಕೆಲಸದವರನ್ನೆಲ್ಲ ಓಡಿಸಿ ಕುಂತೀಯಲ್ಲ!"

ಚೆನ್ನವೀರನ ಮುಖ ಬಾಡಿತು. ಎರಡು ವರ್ಷದ ಸೇವೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅನ್ನಿಸಿ ಅಳುವೇ ಬಂತು.

ಗುರುಗಳು ನಗುತ್ತಲೇ ಎದ್ದು, ಕಾವಿ ಮೇಲೆ ಕಟ್ಟಿ ಹೊಂಡಕ್ಕೆ ಇಳಿದರು. ಜೊಂಡಿನ ಬೇರಿನ ಸಂದಿಯಲ್ಲಿ ಕೈಯಾಡಿಸಿ, ಅವನ ಕೈಗೆ ಸಿಗದೆ ಉಳಿದಿದ್ದ ಲೋಳೆಗಲ್ಲುಗಳನ್ನು ಹೆಕ್ಕಿದರು.

"ಬಾ. ಹಾಲಿಗೆ ಹೆಪ್ಪ ಹಾಕಿದಂಗ ಇವನ್ನ ನಡುನಡುವ ಇಡು."

ಚೆನ್ನವೀರ ಮಡಿಯಲ್ಲೇ ಇಳಿದ. ನಿನ್ನೆ ಹೇಸಿಕೊಂಡು ತಿಕ್ಕಿದ್ದ ಲೋಳೆಯನ್ನು ಇವತ್ತು ಎಳೆಗೂಸಿನಂತೆ ಹಿಡಿದು ಒಂದೊಂದೇ ಇಟ್ಟ.

"ಎಷ್ಟ ದಿನಕ್ಕ ತಿಳಿ ಆಗತೈತ್ರಿ?"

"ತಿಂಗಳ ಆದೀತು. ಹೊಲಸ ನೀರು ಬರ್ಲಿ, ತಡೀಬ್ಯಾಡ. ಅದನ್ನ ಉಂಡ ಲೋಳೆ ಬೆಳೀಬೇಕು."

"ಅಲ್ಲೀತನಕ ನನ್ನ ಹೂವಿಗೆ ಹೊಳಿಯಿಂದ ಕೊಡ ಹೊರಾಂವ ಇಂವನ!" ಎಂದಳು ದುಂಡವ್ವ.

"ಹೊರತೀನಿ ಬಿಡವ್ವಾ" ಎಂದ ಚೆನ್ನವೀರ. ಅವಳು ನಕ್ಕಳು. ಅವನಿಗೂ ನಗು ಬಂತು, ಮನಸ್ಸು ಹಗುರಾಯಿತು.

ಕೆಲಸ ಮುಗಿದಾಗ ಬಿಸಿಲೇರಿತ್ತು. ಗುರುಗಳು ಹೊಂಡದ ಅಂಚಿನಲ್ಲಿ ಕುಳಿತರು. ಚೆನ್ನವೀರ ಅಂಜುತ್ತಲೇ ಕೇಳಿದ.

"ಉಪದೇಶ ಮುಂದಕ್ಕ ಹೋತೇನ್ರಿ?"

"ಯಾಕ?"

"ಮೈಯೆಲ್ಲ ಹೊಲಸಾಗೈತ್ರಿ. ಮತ್ತ ಜಳಕಾ ಮಾಡಿ ಬರ್ಲೇನ್ರಿ?"

"ಬ್ಯಾಡ. ಕಿವಿ ಇತ್ತ ತಾ."